ಜೋಡಿ ಕಾರ್ಬೊರೇಟರ್ ಟ್ಯೂನಿಂಗ್: ಮಿಕ್ಸ್ಚರ್ ನಟ್ಟಿಗೆ ಕೊನೆಗೆ ಕೈ ಹಾಕಿ

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ, 1967ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡಿದ್ದೇನೆ. ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್. ಐಡ್ಲಿಂಗ್‌ನಲ್ಲಿ ಎಂಜಿನ್ ಅಲ್ಲಾಡುತ್ತದೆ, ಎಕ್ಸಲರೇಟರ್ ಒತ್ತಿದ ತಕ್ಷಣ ಒಮ್ಮೆ ತಡವರಿಸುತ್ತದೆ. ಗಾಳಿ, ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ನಟ್ಟು ತಿರುಗಿಸಿ ತಿರುಗಿಸಿ ಸಾಕಾಗಿದೆ. ಇವತ್ತು ಸರಿಯಾದರೆ ನಾಳೆ ಮತ್ತೆ ಅದೇ ಕಥೆ. ಎಲ್ಲಿಂದ ಶುರು ಮಾಡಲಿ?

ಮೊದಲು ಆ ನಟ್ಟನ್ನು ಬಿಟ್ಟುಬಿಡಿ. ಜೋಡಿ ಕಾರ್ಬೊರೇಟರ್ ಗಾಡಿಗಳಲ್ಲಿ ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಕಾರ್ಬೊರೇಟರ್‌ನದ್ದೇ ಅಲ್ಲ. ಟ್ಯಾಪೆಟ್ (ವಾಲ್ವ್‌ಗಳ ಸಂದು), ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್ಚು), ಪ್ಲಗ್, ಎಲ್ಲೋ ಒಂದು ಕಡೆ ಏರ್ ಲೀಕ್, ಇವೇ ಜಾಸ್ತಿ. ಇವು ಸರಿಯಿಲ್ಲದಾಗ ನಟ್ಟು ತಿರುಗಿಸಿದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದ ಹಾಗೆ ಆಗುತ್ತದೆ, ಅದಕ್ಕೇ ಮರುದಿನ ಮತ್ತೆ ಕೆಡುತ್ತದೆ.

ಈಗ ನಾಲ್ಕೂ ಪ್ಲಗ್ ಬಿಚ್ಚಿ, ಸಾಲಾಗಿ ಇಟ್ಟು ನೋಡಿ. ನಿಮ್ಮ ಎಂಜಿನ್‌ನಲ್ಲಿ ಮುಂದಿನ ಕಾರ್ಬೊರೇಟರ್ 1 ಮತ್ತು 2ನೇ ಸಿಲಿಂಡರ್‌ಗೆ ಉಣಿಸುತ್ತದೆ, ಹಿಂದಿನದು 3 ಮತ್ತು 4ಕ್ಕೆ. ಎರಡನ್ನೂ ಸೇರಿಸುವ ಬ್ಯಾಲೆನ್ಸ್ ಪೈಪ್ ಇರುವುದರಿಂದ ವ್ಯತ್ಯಾಸ ಸ್ವಲ್ಪ ಮಸುಕಾಗಬಹುದು, ಆದರೂ ಗುರುತು ಸಿಗುತ್ತದೆ. 1, 2 ಎರಡೂ ಕಪ್ಪಾಗಿ 3, 4 ಬೆಳ್ಳಗಿದ್ದರೆ ಕಾರ್ಬೊರೇಟರ್‌ಗಳ ಹೊಂದಾಣಿಕೆ ತಪ್ಪಿದೆ ಅಂತ ಅನುಮಾನ ಪಡಬಹುದು. ಬರೀ 1 ಮಾತ್ರ ಕಪ್ಪಗಿದ್ದು 2 ಚೆನ್ನಾಗಿದ್ದರೆ? ಇಬ್ಬರೂ ಉಣ್ಣುವುದು ಒಂದೇ ಕಾರ್ಬೊರೇಟರ್‌ನಿಂದ ಅಲ್ವಾ, ಹಾಗಾಗಿ ತಪ್ಪು ಅಲ್ಲಿಲ್ಲ. ಪ್ಲಗ್ ವೈರ್, ವಾಲ್ವ್, ಪಿಸ್ಟನ್ ರಿಂಗ್ ಕಡೆ ಹುಡುಕಿ. ಐದು ನಿಮಿಷದ ಈ ಕೆಲಸ ಅರ್ಧ ದಿನದ ಒದ್ದಾಟ ಉಳಿಸುತ್ತದೆ.

ಆಮೇಲೆ ಟ್ಯಾಪೆಟ್ ಸೆಟ್ ಮಾಡಿ, 0.38 ಮಿ.ಮೀ. ಪಾಯಿಂಟ್ ಗ್ಯಾಪ್ 0.35ರಿಂದ 0.40, ಪ್ಲಗ್ ಗ್ಯಾಪ್ 0.6ರ ಸುತ್ತ. ಕಿಡಿಯ ಟೈಮಿಂಗ್ ಕೂಡ ನೋಡಿ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಆದರೆ ಬಿಡುವಂತೆಯೂ ಇಲ್ಲ.

ಏರ್ ಲೀಕ್ ಮಾತ್ರ ಸಮಾಧಾನದಿಂದ ಹುಡುಕಬೇಕು. ಎಂಜಿನ್ ಓಡುತ್ತಿರುವಾಗ ಥ್ರಾಟಲ್ (ಗಾಳಿದಾರಿ ತೆರೆದು ಮುಚ್ಚುವ ತಟ್ಟೆ) ಶಾಫ್ಟ್ ತುದಿಯನ್ನು ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ, ಐಡ್ಲಿಂಗ್ ಬದಲಾದರೆ ಶಾಫ್ಟ್ ಸವೆದಿದೆ. ಐವತ್ತು ವರ್ಷ ದಾಟಿದ ಗಾಡಿಯಲ್ಲಿ ಇದು ತೀರಾ ಸಾಮಾನ್ಯ, ಹೊಸ ಶಾಫ್ಟು, ಬುಷ್ ಹಾಕಿಸದೆ ಬೇರೆ ದಾರಿಯಿಲ್ಲ. ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ನೋಡಿ, ಬ್ರೇಕ್ ಸರ್ವೊ ಇದ್ದರೆ ಅದರ ಪೈಪೂ ನೋಡಿ. ಲೀಕ್ ಹುಡುಕಲು ಕ್ಲೀನರ್ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಎಂಜಿಬಿಯಲ್ಲಿ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬೊರೇಟರ್ ಕೆಳಗೇ ಇರುತ್ತದೆ. ಬೆಂಕಿ ಹತ್ತಬಹುದು, ದಯವಿಟ್ಟು ಬೇಡ.

ನಿಮ್ಮದು 67ರ ಗಾಡಿ ಅಂದಮೇಲೆ ಇನ್ನೊಂದು ಅನುಮಾನ ಇದೆ. ಆ ಕಾಲದ ಎಂಜಿಬಿಗಳಲ್ಲಿ ಎಂಜಿನ್ ಒಳಗಿನ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ದುಂಡನೆಯ ವಾಲ್ವ್ ಒಂದಿರುತ್ತದೆ, ಒಳಗೆ ರಬ್ಬರ್ ಡಯಾಫ್ರಮ್. ಅದು ಹರಿದರೆ ನೀವು ಎಷ್ಟು ಟ್ಯೂನ್ ಮಾಡಿದರೂ ನಿಲ್ಲುವುದಿಲ್ಲ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ವೇಗ ಸ್ವಲ್ಪ ಏರಿದ್ದು ಕಿವಿಗೆ ಗೊತ್ತಾದರೆ ವಾಲ್ವ್ ಚೆನ್ನಾಗಿದೆ. ಏನೂ ಬದಲಾಗದಿದ್ದರೆ ಬಿಚ್ಚಿ ನೋಡಿ.

ಎಕ್ಸಲರೇಟರ್ ಒತ್ತಿದಾಗಿನ ತಡವರಿಕೆಗೆ ಮೊದಲು ನೋಡಬೇಕಾದ್ದು ಡ್ಯಾಂಪರ್ ಆಯಿಲ್. ಎಸ್‌ಯು ಕೆಲಸ ಮಾಡುವ ರೀತಿ ಗೊತ್ತಿದ್ದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಳಿಯ ಎಳೆತಕ್ಕೆ ಒಳಗಿನ ಪಿಸ್ಟನ್ ಮೇಲೇಳುತ್ತದೆ, ಅದರ ಜೊತೆ ಚೂಪಾದ ಸೂಜಿಯೂ ಪೆಟ್ರೋಲ್ ಬರುವ ತೂತಿನಿಂದ, ಅಂದರೆ ಜೆಟ್‌ನಿಂದ, ಮೇಲೆ ಬರುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತದೆ. ತಟ್ಟನೆ ಎಕ್ಸಲರೇಟರ್ ಒತ್ತಿದಾಗ ಪಿಸ್ಟನ್ ಒಂದೇ ಏಟಿಗೆ ಮೇಲೆ ಹಾರಬಾರದು. ಹಾರಿದರೆ ಜೆಟ್ ಮೇಲಿನ ಎಳೆತ ಬಿದ್ದುಹೋಗಿ ಮಿಕ್ಸ್ಚರ್ ಆ ಕ್ಷಣಕ್ಕೆ ತೆಳ್ಳಗಾಗುತ್ತದೆ, ಅಂದರೆ ಪೆಟ್ರೋಲ್ ಸಾಲದು. ಅದನ್ನು ತಡೆಹಿಡಿಯುವುದೇ ಆ ಆಯಿಲ್. ಮೇಲಿನ ಕಪ್ಪು ಟೋಪಿ ತಿರುಗಿಸಿ ತೆಗೆದು 20 ಗ್ರೇಡ್ ಆಯಿಲ್ ಹಾಕಿ, ಟೋಪಿ ಕೂರಲು ಸುಮಾರು ಅರ್ಧ ಇಂಚು ಇರುವಾಗ ಕೈಗೆ ತಡೆ ಸಿಕ್ಕರೆ ಸಾಕು.

ಆಯಿಲ್ ಇದ್ದೂ ತಡವರಿಸಿದರೆ ಪಿಸ್ಟನ್ ಅಂಟುತ್ತಿದೆಯಾ ನೋಡಿ. ಬೆರಳಿನಿಂದ ಎತ್ತಿ ಬಿಟ್ಟರೆ ಟಕ್ ಅಂತ ಸದ್ದು ಮಾಡಿ ಕೂರಬೇಕು. ಸದ್ದು ಬರದಿದ್ದರೆ ಕೊಳೆ ಇರಬಹುದು, ಇಲ್ಲಾ ಜೆಟ್ ನಡುವಿಗೆ ಕೂತಿಲ್ಲ. ಬಿಚ್ಚುವಾಗ ಮುಂದಿನ ಪಿಸ್ಟನ್ ಹಿಂದಿನ ಡೋಮ್‌ಗೆ (ಪಿಸ್ಟನ್ ಮೇಲಿನ ಗುಮ್ಮಟಕ್ಕೆ) ಹಾಕಬೇಡಿ, ಅವು ಜೋಡಿಯಾಗಿಯೇ ತಯಾರಾದವು. ಒಳಗಿನ ಸ್ಪ್ರಿಂಗ್‌ಗಳ ಬಣ್ಣ ಎರಡರಲ್ಲೂ ಒಂದೇ ಇರಬೇಕು.

ಇಷ್ಟಾದ ಮೇಲೆ ಬ್ಯಾಲೆನ್ಸ್. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಏರ್ ಫಿಲ್ಟರ್ ತೆಗೆಯಿರಿ. ಎರಡು ಥ್ರಾಟಲ್ ಶಾಫ್ಟ್ ಸೇರಿಸುವ ಕ್ಲ್ಯಾಂಪ್ ಸಡಿಲಿಸಿ, ಅದು ಬಿಗಿಯಿದ್ದರೆ ಒಂದರ ಸ್ಕ್ರೂ ತಿರುಗಿಸಿದಾಗ ಇನ್ನೊಂದೂ ಅಲುಗಿ ಏನೂ ತಿಳಿಯುವುದಿಲ್ಲ. ಒಂದು ಗೇಣು ರಬ್ಬರ್ ಪೈಪ್ ತೆಗೆದುಕೊಂಡು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ ಹಿಡಿದು ಕೇಳಿ. ಎರಡರಲ್ಲೂ ಸುಯ್ ಶಬ್ದ ಒಂದೇ ಸಮ ಬರುವವರೆಗೆ ಐಡ್ಲಿಂಗ್ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪ ತಿರುಗಿಸಿ. ಅಳೆಯುವ ಮೀಟರ್ ಸಿಗುತ್ತದೆ, ಕೊಂಡರೆ ಒಳ್ಳೆಯದೇ, ಆದರೆ ಕಿವಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ.

ಈಗ ಮಿಕ್ಸ್ಚರ್. ಎರಡೂ ನಟ್ಟನ್ನು ಪೂರ್ತಿ ಮೇಲೆ ಏರಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ನಟ್ಟಿನ 12 ಮುಖದಷ್ಟು ಕೆಳಗಿಳಿಸಿ. ಇದು ಶುರುವಿನ ಜಾಗ, ಕೆಳಗಿಳಿದಷ್ಟೂ ಪೆಟ್ರೋಲ್ ಜಾಸ್ತಿ. ಆಮೇಲೆ ಒಂದರ ಪಿಸ್ಟನ್ ಅನ್ನು ಕಾರ್ಬೊರೇಟರ್ ಪಕ್ಕದ ಲಿಫ್ಟಿಂಗ್ ಪಿನ್‌ನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕೇಳಿ. ಎಂಜಿನ್ ವೇಗ ಏರಿ ಏರಿದ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ತಕ್ಷಣ ಕುಸಿದರೆ ಕಡಿಮೆ. ಒಂಚೂರು ಏರಿ ಮತ್ತೆ ಮೊದಲಿನ ಹಾಗೆ ಆದರೆ ಸರಿ. ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಎರಡೂ ಕಾರ್ಬೊರೇಟರ್‌ಗೆ ಪದೇ ಪದೇ ಹೋಗಿ ಬನ್ನಿ, ಏಕೆಂದರೆ ಬ್ಯಾಲೆನ್ಸ್ ಪೈಪ್‌ನಿಂದಾಗಿ ಒಂದನ್ನು ಮುಟ್ಟಿದರೆ ಇನ್ನೊಂದೂ ಬದಲಾಗುತ್ತದೆ. ಎಲ್ಲ ಮುಗಿದ ಮೇಲೆ ಕ್ಲ್ಯಾಂಪ್ ಬಿಗಿ ಮಾಡಿ, ಎಕ್ಸಲರೇಟರ್ ಒತ್ತಿದಾಗ ಎರಡೂ ಥ್ರಾಟಲ್ ಒಟ್ಟಿಗೇ ತೆರೆಯುತ್ತವಾ ಕಣ್ಣಾರೆ ನೋಡಿ. ಚೋಕ್ ತಂತಿಯಲ್ಲಿ ಸ್ವಲ್ಪ ಸಡಿಲ ಇರಲಿ. ಇಲ್ಲದಿದ್ದರೆ ಒಂದು ಜೆಟ್ ಯಾವಾಗಲೂ ಕೆಳಗೇ ಉಳಿದುಬಿಡುತ್ತದೆ.

ಊರಿಗೆ ಬಂದಾಗ ಹಳೇ ಅಂಬಾಸಿಡರ್ ಮೆಕ್ಯಾನಿಕ್ ಯಾರಾದರೂ ಸಿಕ್ಕರೆ ಮಾತಾಡಿಸಿ. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ನಿಮ್ಮ 1798 ಸಿಸಿ ಎಂಜಿನ್ ಎರಡೂ ಬ್ರಿಟಿಷ್ ಬಿ ಸೀರೀಸ್ ಕುಟುಂಬದವೇ. ಟ್ಯಾಪೆಟ್ ಸದ್ದು ಕೇಳಿಯೇ ಕಾಯಿಲೆ ಹೇಳುವ ಅನುಭವ ಆ ಹಿರಿಯರಿಗೆ ಇದೆ, ಅದು ಯಾವ ಮ್ಯಾನುಯಲ್‌ನಲ್ಲೂ ಸಿಗುವುದಿಲ್ಲ.

ಇನ್ನು ಪೆಟ್ರೋಲ್. ನಿಮ್ಮಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್‌ನಲ್ಲಿ ಶೇಕಡಾ 10ರಷ್ಟು ಎಥನಾಲ್ ಇರಬಹುದು, ಇಲ್ಲಿ ಭಾರತದಲ್ಲಿ ಶೇಕಡಾ 20. ಎಥನಾಲ್‌ಗೆ ಉರಿಯಲು ಗಾಳಿ ಕಡಿಮೆ ಸಾಕು, ಹಾಗಾಗಿ ಹಳೇ ಸೆಟ್ಟಿಂಗ್‌ನಲ್ಲಿ ಮಿಕ್ಸ್ಚರ್ ತೆಳ್ಳಗಾಗುತ್ತದೆ. ಬೆಂಗಳೂರಿನಂಥ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಇದು ಸ್ವಲ್ಪ ಸರಿದೂಗುತ್ತದೆ, ಅದೇ ಗಾಡಿ ಮಂಗಳೂರಿಗೆ ಇಳಿದರೆ ಕೊರತೆ ಎದ್ದು ಕಾಣುತ್ತದೆ. ಐಡ್ಲಿಂಗ್ ಚೆನ್ನಾಗಿದ್ದು ಏರು ಹತ್ತುವಾಗ ಮಾತ್ರ ಎಳೆಯದಿದ್ದರೆ ನಟ್ಟು ಮುಟ್ಟಬೇಡಿ, ಸೂಜಿ ಬದಲಿಸಿ. ಎಥನಾಲ್ ಹಳೇ ರಬ್ಬರ್ ಪೈಪುಗಳನ್ನೂ ತಿನ್ನುತ್ತದೆ. ನಿಮ್ಮಲ್ಲಿ ಸೂಪರ್ ಪೆಟ್ರೋಲ್ ಶೇಕಡಾ 5ರ ಮಿತಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಿ, ಮತ್ತು ಟ್ಯೂನಿಂಗ್‌ಗೆ ಕೂರುವ ಮುಂಚೆ ಫ್ಲೋಟ್ ಚೇಂಬರ್‌ಗೆ (ಕಾರ್ಬೊರೇಟರ್‌ನ ಪೆಟ್ರೋಲ್ ಬಟ್ಟಲಿಗೆ) ಹೋಗುವ ಪೈಪ್ ಬಿರುಕು ಬಿಟ್ಟಿದೆಯಾ ಒಮ್ಮೆ ಬಗ್ಗಿಸಿ ನೋಡಿ.