ಆಟಿ ಸೊಪ್ಪಿನ ಬಣ್ಣ, ಮಳೆಗಾಲದ ನಿದ್ದೆ

ಆಗಸ್ಟ್ 3ರ ಆಸುಪಾಸು, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಕೊಡಗಿನ ಮನೆಗಳಲ್ಲಿ ಆಟಿ ಸೊಪ್ಪಿನ ಪಾಯಸ. ಕೊಡವರ ಬಾಯಲ್ಲಿ ಇದೇ ಮದ್ದ್ ತೊಪ್ಪ್. ಹಸಿರು ಸೊಪ್ಪನ್ನು ದಂಟಿನ ಸಮೇತ ಕುದಿಸಿದರೆ ಗಾಢ ನೇರಳೆ ನೀರು ಇಳಿಯುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆಂಬ ನಂಬಿಕೆ. ಮರುದಿನ ಮೂತ್ರ ಕೆಂಪಗಾದರೆ ನಮ್ಮ ದೊಡ್ಡಮ್ಮನಿಗೆ ಸಮಾಧಾನ: "ಮದ್ದು ಹಿಡೀತು." ಅದು ಸೊಪ್ಪಿನ ಬಣ್ಣ ಹೊರಹೋಗುವ ರೀತಿ, ಬೀಟ್‌ರೂಟ್ ತಿಂದಾಗಲೂ ಹೀಗಾಗುವುದುಂಟು ಎಂದರೆ ಅವರು ಕೇಳುವವರಲ್ಲ.

ಇದೇ ದೊಡ್ಡಮ್ಮನಿಗೆ 2018ರ ಆಗಸ್ಟಿನಿಂದೀಚೆಗೆ ಜೋರು ಮಳೆಯ ರಾತ್ರಿ ನಿದ್ದೆಯಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ವರ್ಷ ಅದು. ಈಗಲೂ ಜೂನ್ ಬಂತೆಂದರೆ ಬಾಗಿಲ ಬಳಿ ಟಾರ್ಚು, ಆರ್‌ಟಿಸಿ ಇಟ್ಟ ಚೀಲ ಸಿದ್ಧ. "ಒಂದೆಲಗ ತಿಂದ್ರೆ ಸರಿಹೋಗ್ತದಾ?" ಎಂದು ಕೇಳಿದರು.

ಹೆದರಿದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿಗೆ, ಅದು ಕಿಡ್ನಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ, ಒತ್ತಡದ ಹಾರ್ಮೋನು ಕಾರ್ಟಿಸಾಲ್ ಸುರಿಯುತ್ತದೆ. ಸಾಕು ನಿಲ್ಲಿಸು ಎನ್ನುವ ಕೆಲಸದಲ್ಲಿ ಮಿದುಳಿನದೇ ಇನ್ನೊಂದು ಭಾಗವಾದ ಹಿಪೊಕ್ಯಾಂಪಸ್‌ಗೂ ಪಾಲಿದೆ. ನೆನಪು ಕಟ್ಟುವ ಜಾಗವೂ ಅದೇ. ಒತ್ತಡ ತಿಂಗಳುಗಟ್ಟಲೆ ಎಳೆದರೆ ಪೆಟ್ಟು ಬೀಳುವುದೂ ಅಲ್ಲಿಗೇ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ ಸೋಜಿಗದ್ದು: ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಸೊರಗಿದ್ದವು, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಕವಲುಗಳು ಬೆಳೆದಿದ್ದವು! ಅವರದೇ ಮುಂದಿನ ಅಧ್ಯಯನದಲ್ಲಿ, ಒತ್ತಡ ನಿಂತ ಮೇಲೆ 21 ದಿನ ಆರಾಮವಾಗಿ ಬಿಟ್ಟಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾದ ಬೆಳವಣಿಗೆ ಹಾಗೇ ಉಳಿಯಿತು. ಇಲಿಯ ಲೆಕ್ಕವನ್ನು ನೇರ ಮನುಷ್ಯರಿಗೆ ಹಚ್ಚುವಂತಿಲ್ಲ, ಆದರೂ ದೊಡ್ಡಮ್ಮನ ಚೀಲ ಕಂಡಾಗಲೆಲ್ಲ ನನಗೆ ಈ ಇಲಿಗಳು ನೆನಪಾಗುತ್ತವೆ.

ಇನ್ನು ಒಂದೆಲಗ. ನಮ್ಮಲ್ಲಿ ಅದನ್ನೂ ಬ್ರಾಹ್ಮಿ ಎನ್ನುತ್ತೇವೆ. ಆದರೆ ನೆನಪಿನ ಶಕ್ತಿಗೆಂದು ಹೆಚ್ಚು ಪರೀಕ್ಷೆಗೊಳಗಾದದ್ದು ನೀರುಬ್ರಾಹ್ಮಿ, ಬೇರೆಯೇ ಗಿಡ. ಅದರ ಅಲ್ಪಸ್ವಲ್ಪ ಗುಣ ಕಾಣಲೂ ವಾರಗಟ್ಟಲೆ ಬೇಕು. ಒತ್ತಡಕ್ಕೆ ಪುರಾವೆ ತುಸು ಗಟ್ಟಿಯಿರುವುದು ಅಶ್ವಗಂಧಕ್ಕೆ. 2012ರ ಭಾರತೀಯ ಅಧ್ಯಯನವೊಂದರಲ್ಲಿ ಬೇರಿನ ಸಾರ 60 ದಿನ ತೆಗೆದುಕೊಂಡವರ ರಕ್ತದಲ್ಲಿ ಕಾರ್ಟಿಸಾಲ್ ಸುಮಾರು 28% ಇಳಿದಿತ್ತು. ಅದರಲ್ಲಿ ಪಾಲ್ಗೊಂಡವರು ಒಟ್ಟು 64 ಮಂದಿ. ಡಬ್ಬಿ ಮೇಲೆ ಅಚ್ಚಾಗುವ ಭರವಸೆಯ ಭಾರ ಹೊರಲು ಇಷ್ಟು ಜನ ಸಾಲದು. ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಹಾರ್ಮೋನನ್ನೂ ಅದು ಏರಿಸಬಲ್ಲದು. ದೊಡ್ಡಮ್ಮ ದಿನಾ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವವರು, ಹಾಗಾಗಿ ಡಾಕ್ಟರನ್ನು ಕೇಳದೆ ಬೇಡ ಎಂದೆ. ಒಂದೆಲಗದ ಚಟ್ನಿಗೆ ನನ್ನ ತಕರಾರಿಲ್ಲ, ರುಚಿಯಾಗಿರುತ್ತದೆ.

ಕಳೆದ ಮಳೆಗಾಲ ಅವರು ಕುಶಾಲನಗರದ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದರು. ಕಾವೇರಿ ಬಡಾವಣೆಗಳಿಗೆ ನುಗ್ಗಿದ ಊರದು, ಆದರೆ ಮನೆಯ ಹಿಂದೆ ಗುಡ್ಡವಿಲ್ಲ. ಚೆನ್ನಾಗಿ ನಿದ್ದೆ ಬಂತಂತೆ. ಹೋಗುವಾಗ ಚೀಲವನ್ನು ಮಾತ್ರ ಮರೆಯದೆ ಒಯ್ದಿದ್ದರು.