ಎಲ್ಲಿ ಓದಿದೆ ಅನ್ನೋದಲ್ಲ, ಯಾರ ಹತ್ತಿರ ಓದಿದೆ

ಬೀದರಿನ ಹಳೇ ಊರಿನಲ್ಲಿ ಮಹಮೂದ್ ಗವಾನರ ಮದರಸಾ ಇದೆ. ಅರ್ಧ ಕುಸಿದಿದೆ. ಉಳಿದಿರುವ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚಿನ ಚೂರುಗಳು ಈಗಲೂ ಹೊಳೆಯುತ್ತವೆ. ನಡುವೆ ಅಂಗಳ, ಸುತ್ತ ಮೂರು ಅಂತಸ್ತಿನ ಕೋಣೆಗಳು. 1472ರಲ್ಲಿ ಇದನ್ನು ಕಟ್ಟಿಸಿದ ಗವಾನರು ಇರಾನಿನ ಗಿಲಾನ್ ಕಡೆಯವರು, ಬಹಮನಿ ಸುಲ್ತಾನರ ಪ್ರಧಾನಿ. ಹೀಗೆ ಕಟ್ಟಡ ಕಟ್ಟಿ ಪಾಠ ಹೇಳಿಸುವ ಪದ್ಧತಿಯನ್ನು ಅವರು ತಮ್ಮ ಸೀಮೆಯಿಂದಲೇ ತಂದಿದ್ದರು.

ಆದರೆ ಇಸ್ಲಾಮಿನ ಮೊದಮೊದಲ ದಿನಗಳಲ್ಲಿ ಪಾಠಕ್ಕೆ ಬೇರೆ ಕಟ್ಟಡವೇ ಇರಲಿಲ್ಲ. ಮಸೀದಿಯ ಕಂಬಕ್ಕೆ ಒರಗಿ ಗುರು ಕೂರುತ್ತಿದ್ದರು, ಶಿಷ್ಯರು ಸುತ್ತ ಕೂರುತ್ತಿದ್ದರು. ಇದಕ್ಕೆ ‘ಹಲ್ಕಾ’ ಅಂತ ಹೆಸರು. ಗುರು ಹೇಳಿದ್ದನ್ನು ಬರೆದುಕೊಳ್ಳಬೇಕು, ಮತ್ತೆ ಗುರುವಿನ ಮುಂದೆ ಓದಿ ತೋರಿಸಬೇಕು. ತಪ್ಪು ತಿದ್ದಿಸಿಕೊಂಡ ಮೇಲೆ ಗುರು ‘ಇಜಾಜಾ’ ಬರೆದುಕೊಡುತ್ತಿದ್ದರು. ಈ ಪುಸ್ತಕವನ್ನು ಇನ್ನು ನೀನೂ ಬೇರೆಯವರಿಗೆ ಹೇಳಿಕೊಡಬಹುದು ಎಂಬ ಅನುಮತಿ ಅದು. ನಮ್ಮ ಡಿಗ್ರಿಯ ಹಾಗೆ ಸಂಸ್ಥೆ ಕೊಡುವ ಕಾಗದವಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು. ಹಾಗಾಗಿಯೇ ಹೆಂಗಸರೂ ಅದನ್ನು ಕೊಡಬಹುದಿತ್ತು. 11ನೇ ಶತಮಾನದಲ್ಲಿ ಮೆಕ್ಕಾದಲ್ಲಿದ್ದ ಕರೀಮಾ ಅಲ್-ಮರ್ವಝಿಯ್ಯಾ ಅವರಿಂದ ಹದೀಸ್ (ಪ್ರವಾದಿಯವರ ಮಾತು, ನಡೆಗಳ ವರದಿ) ಪಾಠ ಹೇಳಿಸಿಕೊಳ್ಳಲು ದೊಡ್ಡ ದೊಡ್ಡ ವಿದ್ವಾಂಸರೇ ಹೋಗುತ್ತಿದ್ದರು.

ಮದರಸಾಗೆ ದೊಡ್ಡ ಹೆಸರು ತಂದದ್ದು ಸೆಲ್ಜುಕ್ ಅನ್ನುವ ತುರ್ಕಿ ರಾಜಮನೆತನದ ವಜೀರ ನಿಜಾಮುಲ್ ಮುಲ್ಕ್. 1067ರಲ್ಲಿ ಬಾಗ್ದಾದಿನಲ್ಲಿ ಅವರ ಮದರಸಾ ‘ನಿಜಾಮಿಯಾ’ ತೆರೆಯಿತು. ಗುರುಗಳಿಗೆ ಸಂಬಳ, ಹುಡುಗರಿಗೆ ಊಟ, ವಸತಿ. ದುಡ್ಡು ಬರುತ್ತಿದ್ದದ್ದು ವಕ್ಫ್‌ನಿಂದ, ಅಂದರೆ ದಾನವಾಗಿ ಬಿಟ್ಟ ಅಂಗಡಿ, ಜಮೀನುಗಳ ಬಾಡಿಗೆ, ಆದಾಯದಿಂದ. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ, ಮಕ್ಕಳು ಪಾಲು ಕೇಳುವಂತಿಲ್ಲ. ಆದರೆ ಉಸ್ತುವಾರಿಯನ್ನು ಮನೆಯವರ ಕೈಯಲ್ಲೇ ಇಟ್ಟುಕೊಳ್ಳಬಹುದಿತ್ತು. ಪುಣ್ಯದ ಜೊತೆ ಸ್ವಲ್ಪ ಲೆಕ್ಕಾಚಾರವೂ ಇತ್ತು, ಅಲ್ವಾ? ಯಾವ ಪಂಥದ ಕಾನೂನು ಕಲಿಸಬೇಕು ಅನ್ನುವುದೂ ದಾನಿಯ ಷರತ್ತೇ. ನಿಜಾಮಿಯಾದಲ್ಲಿ ಅದು ಶಾಫಿ ಪಂಥ, ಸುನ್ನಿ ಕಾನೂನಿನ ನಾಲ್ಕು ಪಂಥಗಳಲ್ಲಿ ಒಂದು. 1091ರಲ್ಲಿ ಅಲ್ಲಿಗೆ ಬಂದ ಹೆಸರಾಂತ ಧರ್ಮಶಾಸ್ತ್ರಜ್ಞ ಗಜಾಲಿಯವರ ಪಾಠಕ್ಕೆ 300 ಶಿಷ್ಯರಿದ್ದರಂತೆ, ಅವರೇ ಬರೆದುಕೊಂಡಿದ್ದಾರೆ. ನಾಲ್ಕೇ ವರ್ಷಕ್ಕೆ ಮನಸ್ಸು ಕದಡಿ ಅಂಥ ಹುದ್ದೆಯನ್ನು ಬಿಟ್ಟು ಹೊರಟುಬಿಟ್ಟರು.

ಮದರಸಾ ಅಂದ ತಕ್ಷಣ ವೈದ್ಯ, ತತ್ವಜ್ಞಾನಿ ಇಬ್ನ್ ಸೀನಾ ಹೆಸರು ಹೇಳುವವರಿದ್ದಾರೆ. ಅವರು ತೀರಿಕೊಂಡದ್ದು 1037ರಲ್ಲಿ, ನಿಜಾಮಿಯಾ ಬಾಗಿಲು ತೆರೆಯುವ 30 ವರ್ಷ ಮೊದಲು! ಮದರಸಾದ ಮುಖ್ಯ ಪಾಠ ಧರ್ಮಶಾಸ್ತ್ರ ಮತ್ತು ಕಾನೂನು. ವೈದ್ಯ, ಗಣಿತ, ಖಗೋಳವನ್ನು ಜಾಸ್ತಿ ಕಲಿಯುತ್ತಿದ್ದದ್ದು ಆಸ್ಪತ್ರೆಗಳಲ್ಲಿ, ವೀಕ್ಷಣಾಲಯಗಳಲ್ಲಿ, ಬಲ್ಲವರ ಮನೆಗಳಲ್ಲಿ.

ಬೀದರಿಗೆ ವಾಪಸ್ ಬಂದರೆ, ಗವಾನರ ಕಥೆ ದುಃಖದ್ದು. ಆಗದವರು ಅವರ ಮೊಹರು ಒತ್ತಿದ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವರ ತಲೆ ತೆಗೆಸಿದ. ಮದರಸಾ ಮಾತ್ರ ಇನ್ನೂ 200 ವರ್ಷ ಗಟ್ಟಿಯಾಗಿ ನಿಂತಿತ್ತು. ಔರಂಗಜೇಬನ ಕಾಲಕ್ಕೆ ಅಲ್ಲಿ ಸೈನಿಕರು ಸೇರಿಕೊಂಡರು, ಕೋಣೆಗಳಿಗೆ ಮದ್ದಿನಪುಡಿ ತುಂಬಿದರು. ಅದು ಸಿಡಿದಾಗಲೇ ಇನ್ನೊಂದು ಮಿನಾರು ಹೋದದ್ದು.