ಪುನರ್ಪುಳಿ ಬಣ್ಣದ ಚಿನ್ನ ಮತ್ತು ಬಿಸಿಯ ಲೆಕ್ಕ

ಚಿನ್ನದ ತಗಡನ್ನು ನೀರಿನಲ್ಲಿ ಮುಳುಗಿಸಿ ಪಲ್ಸ್ ಲೇಸರ್ ಹಾಯಿಸಿದರೆ ತಗಡಿನಿಂದ ಚಿನ್ನದ ನ್ಯಾನೊ ಕಣಗಳು ಉದುರಿ, ಸ್ವಲ್ಪ ಹೊತ್ತಿಗೆ ನೀರು ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ಬರುತ್ತದೆ. ಅದನ್ನು 808 ನ್ಯಾನೊಮೀಟರ್ ಡಯೋಡ್ ಲೇಸರಿಗೆ ಒಡ್ಡಿ, ಉಷ್ಣತೆ ಏರಿದ ಗ್ರಾಫ್ ಹಿಡಿದು 'ಕ್ಯಾನ್ಸರ್ ಗೆಡ್ಡೆ ಸುಡಲು ಸೂಕ್ತ' ಎಂದು ವರದಿ ಬರೆಯುವವರಿಗೆ ಲೆಕ್ಕವಿಲ್ಲ.

ಸ್ವಲ್ಪ ತಡೆಯಿರಿ. 10–20 ನ್ಯಾನೊಮೀಟರಿನ ದುಂಡು ಚಿನ್ನದ ಕಣ ಹೀರುವುದು 520 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕನ್ನು. ಕೆಂಪನ್ನು ಬಿಟ್ಟುಕೊಡುವುದರಿಂದಲೇ ನೀರು ಕೆಂಪು. ಹಸಿರು ಬೆಳಕನ್ನು ರಕ್ತವೇ ನುಂಗುತ್ತದೆ. ಅಂಗಾಂಶದೊಳಕ್ಕೆ ಇಳಿಯುವ 808 ಈ ಕಣಕ್ಕೆ ಬಹುಪಾಲು ತಾಗುವುದೇ ಇಲ್ಲ. ಹಾಗಾದರೆ ಬಿಸಿಯಾದದ್ದು ಯಾವುದು? ನೀರು, ಅದನ್ನು ತುಂಬಿಟ್ಟ ಪುಟ್ಟ ಪಾರದರ್ಶಕ ಪಾತ್ರೆಯಾದ ಕ್ಯುವೆಟ್‌ನ ಗೋಡೆ, ಇಲ್ಲವೇ ಕಿರಣಕ್ಕೇ ಸಿಕ್ಕಿದ, ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯ ತುದಿ. 980ರ ಲೇಸರ್ ಬಳಸಿದರಂತೂ ಮುಗಿಯಿತು. ನೀರು ಅದನ್ನು 808ಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಹೀರುತ್ತದೆ.

ಆದ್ದರಿಂದ ಮೊದಲು ಬರೀ ನೀರು. ಅದೇ ಕ್ಯುವೆಟ್, ಅದೇ 1 ಮಿ.ಲೀ., ಅದೇ ಪವರ್, ಅದೇ 10 ನಿಮಿಷ. ಥರ್ಮೋಕಪಲ್ ಕಿರಣದ ದಾರಿಯಿಂದ ಆಚೆಗೆ. ಆ ಏರಿಕೆ ಕಳೆದು ಉಳಿದದ್ದಷ್ಟೇ ಚಿನ್ನದ ಪಾಲು.

ಬಫರ್ (ಆಮ್ಲೀಯತೆ ಸ್ಥಿರವಾಗಿಡುವ ಉಪ್ಪಿನ ದ್ರಾವಣ) ಹಾಕಿದೊಡನೆ ದ್ರಾವಣ ನೇರಳೆಯಾಗಿ, ನೀಲಿಯಾಗಿ, 700ರಾಚೆಗೂ ಹೀರತೊಡಗಿದರೆ ಹಿಗ್ಗಬೇಡಿ. ಉಪ್ಪಿನಿಂದಾಗಿ ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ, ಅಷ್ಟೆ. ಮರುದಿನ ತಳದಲ್ಲಿ ಮಸಿ ಕೂತಿರುತ್ತದೆ. ರಕ್ತದಲ್ಲೂ ಉಪ್ಪಿದೆ ಎನ್ನುವುದನ್ನು ಮರೆಯಬಾರದು. ಲೇಸರಿನಿಂದ ಮಾಡಿದ ಕಣಕ್ಕೆ ರಾಸಾಯನಿಕ ಹೊದಿಕೆ ಇರುವುದಿಲ್ಲ. ಬಫರಿಗೆ ಮುಂಚೆಯೇ ಥಯೋಲ್ (ಚಿನ್ನಕ್ಕೆ ಅಂಟುವ ಗಂಧಕದ ತುದಿ) ಇರುವ ಪಿಇಜಿ ಎಂಬ ಪಾಲಿಮರ್ ಹೊದಿಸಿ.

808 ಹೀರಲೇಬೇಕೆಂದರೆ ಆಕಾರ ಬದಲಾಗಬೇಕು, ಇಲ್ಲವೇ ವಸ್ತು. 2019ರಲ್ಲಿ ಅಮೆರಿಕದಿಂದ ವರದಿಯಾದ ಪ್ರಾಸ್ಟೇಟ್ ಚಿಕಿತ್ಸೆಯ ಕಣ ಸಿಲಿಕಾ ಒಡಲಿಗೆ ಚಿನ್ನದ ತೆಳು ಚಿಪ್ಪು ಹೊದಿಸಿದ್ದು, ಗಟ್ಟಿ ಗುಂಡಲ್ಲ. ಗ್ರಾಫೈಟ್ ತುಂಡನ್ನು ನೀರಲ್ಲಿ ಲೇಸರಿಗೆ ಒಡ್ಡಿ ಪಡೆದ ಕಾರ್ಬನ್ ವಿಶಾಲ ಪಟ್ಟಿಯಲ್ಲಿ ಹೀರುತ್ತದೆ ನಿಜ, ಆದರೆ ಕಣದ ಗಾತ್ರ ಒಂದೇ ಸಮ ಬರುವುದಿಲ್ಲ.

ಕಣ ತಯಾರಿಸುವಾಗ 532 ನ್ಯಾನೊಮೀಟರ್ ಲೇಸರ್ ಬೇಡ, 1064 ಇರಲಿ. ಆಗಲೇ ಹುಟ್ಟಿದ ಚಿನ್ನ 532ನ್ನು ತಾನೇ ಹೀರಿ ತಗಡನ್ನು ಮರೆಮಾಡುತ್ತದೆ. ತಗಡಿನ ಮೇಲೆ 8 ಮಿ.ಮೀ. ನೀರಿದ್ದರೆ ವಕ್ರೀಭವನದಿಂದ ಫೋಕಸ್ ಕೆಳಕ್ಕೆ ಹೋಗುತ್ತದೆ, ಲೆನ್ಸನ್ನು ಸುಮಾರು 2 ಮಿ.ಮೀ. ಮೇಲೆತ್ತಿ. ಲೇಸರ್ ತಗಡಿಗೆ ಬಡಿಯುವ ಟಕ್ ಟಕ್ ಸದ್ದು ಮಂಕಾದರೆ ಅಲ್ಲಿ ಗುಳಿ ಬಿದ್ದಿದೆ, ತಗಡು ಸರಿಸಿ. ತಗಡನ್ನು ಮೊದಲೂ ಆಮೇಲೂ ಒಣಗಿಸಿ ತೂಗಿ. 10 ಮಿ.ಲೀ. ನೀರಿನಲ್ಲಿ 1 ಮಿ.ಗ್ರಾಂ. ಸವೆದಿದ್ದರೆ ಮಿ.ಲೀ.ಗೆ 100 ಮೈಕ್ರೊಗ್ರಾಂ. ವರದಿಯಲ್ಲಿ ಆ ಅಂಕಿ ಬರೆಯಿರಿ, 'ಗಾಢ ಕೆಂಪು' ಎಂದಲ್ಲ.